ಪುಣೆಯಲ್ಲಿ ಬಿಟ್ಟ ನೀರು

ಖಡಕ್‌ವಾಸ್ಲಾದಿಂದ ನೀರು ಬಿಟ್ಟರೆಂದರೆ ಪುಣೆಯಲ್ಲಿ ಭಿಡೆ ಪುಲ್ ಮುಳುಗುತ್ತದೆ. ಜನ ಮೊಬೈಲ್ ಹಿಡಿದು ಮುಠಾ ನದಿ ನೋಡಲು ಓಡುತ್ತಾರೆ. ನಾನು ನನ್ನ ಸೋದರತ್ತೆಗೆ ಫೋನ್ ಹಚ್ಚುತ್ತೇನೆ. ಆಕೆ ಇರುವುದು ರಾಯಚೂರು ತಾಲ್ಲೂಕಿನ ಕುರ್ವಕಲಾದಲ್ಲಿ, ಕೃಷ್ಣಾ ನದಿಯ ನಡುಗಡ್ಡೆಯ ಮೇಲೆ. ನಮ್ಮ ಮುಠಾ ಮುಳೆಯನ್ನು ಕೂಡಿಕೊಂಡು ಭೀಮೆಗೆ ಸೇರುತ್ತದೆ. ಉಜನಿ ತುಂಬಿದ್ದರೆ ಆ ನೀರು ಮುಂದೆ ಇಳಿದು, ಶಕ್ತಿನಗರಕ್ಕಿಂತ ಸ್ವಲ್ಪ ಮೇಲೆ ಕೃಷ್ಣೆಯನ್ನು ಕೂಡುತ್ತದೆ. ನಾರಾಯಣಪುರದಿಂದ ಬಿಟ್ಟ ನೀರೂ ಅಲ್ಲಿಗೇ ಬರುತ್ತದೆ. ಎರಡೂ ಹೊಳೆಗಳು ಒಂದಾದ ಮೇಲೆ ಸಿಗುವ ಊರು ಅತ್ತೆಯದು.

ಹೆಸರು ಕೇಳಿದರೆ ಪರದೇಶದ್ದು ಅನಿಸಬಹುದು. 'ಕುರುವ' ಎಂದರೆ ಹಳೆಯ ಕನ್ನಡದಲ್ಲಿ ನಡುಗಡ್ಡೆಯೇ. ಅದಕ್ಕೆ ಪಾರ್ಸಿ ಕಂದಾಯ ಭಾಷೆಯ ಬಾಲ ಅಂಟಿದೆ: 'ಕಲಾನ್' ಎಂದರೆ ದೊಡ್ಡದು, 'ಖುರ್ದ್' ಎಂದರೆ ಚಿಕ್ಕದು. ಹಾಗಾಗಿ ಒಂದು ಕುರ್ವಕಲಾ, ಇನ್ನೊಂದು ಕುರ್ವಕುರ್ದಾ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತಲ್ಲ, ಅದರ ಗುರುತು. ಇವು ಪಂಚಾಯಿತಿಗೂ ದಡದ ಊರನ್ನೇ ನಂಬಿದ ಊರುಗಳು. ಒಂದು ಸಹಿ ಬೇಕಾದರೂ ಹೊಳೆ ದಾಟಬೇಕು.

ಪಕ್ಕದಲ್ಲೇ ಕುರುಗಡ್ಡಿ. ಮರಾಠಿಯವರ ಬಾಯಲ್ಲಿ ಕುರವಪುರ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ, ಗುರುಚರಿತ್ರೆ ಓದುವ ಮನೆಗಳಿಗೆಲ್ಲ ಗೊತ್ತು. ನಮ್ಮ ಸೊಸೈಟಿಯಲ್ಲಿ ರಾಯಚೂರು ಎಲ್ಲಿದೆ ಎಂದು ತಿಳಿಯದವರೂ ಕುರವಪುರ ಎಂದೊಡನೆ ಕೈಮುಗಿಯುತ್ತಾರೆ. ಒಮ್ಮೆ ಪಕ್ಕದ ಮನೆಯ ಕಾಕೂ ಅಲ್ಲಿಗೆ ಹೋಗಿಬಂದು, "ಆ ಗುಂಡನೆಯ ದೋಣಿಯಲ್ಲಿ ದಾಟುವುದೇ ಒಂದು ಪುಣ್ಯ. ಅಲ್ಲಿ ಪೂಲು ಗೀಲು ಕಟ್ಟಿ ಹಾಳು ಮಾಡಬಾರದು" ಎಂದರು. ನಾನು ನಕ್ಕು ಸುಮ್ಮನಾದೆ. ಈಗಲೂ ಆ ನಗುವಿಗೆ ನಾಚಿಕೆಯಾಗುತ್ತದೆ.

ಆ ಗುಂಡನೆಯ ದೋಣಿ ನಮ್ಮ ಹರಗೋಲು. ಬಿದಿರಿನ ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಬೇಸಿಗೆಯಲ್ಲಿ ಅದರಂಥ ಸುಖ ಇನ್ನೊಂದಿಲ್ಲ. ಗೊಬ್ಬರದ ಚೀಲ, ಮೇಕೆ, ಮದುವೆಯ ಹುಡುಗಿ, ಎಲ್ಲವೂ ಅದರಲ್ಲೇ. ಆದರೆ ಹೊಳೆ ಕೆಂಪಾಗಿ ಬಂದಾಗ ಬುಟ್ಟಿ ಹುಟ್ಟಿನ ಮಾತು ಕೇಳುವುದಿಲ್ಲ, ಸುತ್ತತೊಡಗುತ್ತದೆ. 2020ರ ಆಗಸ್ಟಿನಲ್ಲಿ ಇಲ್ಲಿ ಒಂದು ಹರಗೋಲು ಮಗುಚಿತು. ಅದರಲ್ಲಿದ್ದ ಕೆಲವರು ಮರಳಲಿಲ್ಲ.

ಅತ್ತೆಯ ಮಗಳು ಬಸುರಿಯಾದಾಗ ಎಣಿಸಿದ್ದು ಒಂಬತ್ತು ತಿಂಗಳನ್ನಲ್ಲ, ಮಳೆ ನಕ್ಷತ್ರಗಳನ್ನು. ದಿನ ತುಂಬುವುದು ಆಶ್ಲೇಷಾ ಹೊತ್ತಿಗೆ ಎಂದು ಗೊತ್ತಾದಾಗ ಮೃಗಶಿರಾದಲ್ಲೇ ದಡಕ್ಕೆ ಕರೆತಂದು ನಮ್ಮ ಮನೆಯಲ್ಲಿ ಇಟ್ಟರು. ಎರಡು ತಿಂಗಳು ಆಕೆ ನಮ್ಮ ಅಂಗಳದಲ್ಲಿ ಕೂತು ಊರಿನ ದಿಕ್ಕನ್ನೇ ನೋಡುತ್ತಿದ್ದಳು. ಆಸ್ಪತ್ರೆಗೆ ಜೀಪಿನಲ್ಲಿ ಹೋದೆವು, ಸುಸೂತ್ರವಾಯಿತು. ಅದೇ ವರ್ಷ ನಡುಗಡ್ಡೆಯಲ್ಲೇ ಉಳಿದಿದ್ದ ಇನ್ನೊಬ್ಬ ಸೊಸೆಗೆ ನಡುರಾತ್ರಿ ಬೇನೆ ಬಂತು. ಹುಟ್ಟು ಹಾಕಲು ಯಾರೂ ಒಪ್ಪಲಿಲ್ಲ. ಅವರದೇನೂ ತಪ್ಪಲ್ಲ. ಬೆಳಗಾಗುವಷ್ಟರಲ್ಲಿ ಕೂಸು ಹೋಗಿತ್ತು.

ಪ್ರವಾಹ ಬಂದರೆ ಅಧಿಕಾರಿಗಳು ದಡಕ್ಕೆ ಬನ್ನಿ ಎನ್ನುತ್ತಾರೆ. ಬರದಿದ್ದರೆ ಹಟಮಾರಿಗಳು ಎನ್ನುತ್ತಾರೆ. 2009ರಲ್ಲಿ ಅತ್ತೆ ಬಂದಿದ್ದಳು. ಗಂಜಿ ಕೇಂದ್ರದಲ್ಲಿ ಅನ್ನ ಸಿಕ್ಕಿತು. ತಿರುಗಿ ಹೋದಾಗ ಕಟ್ಟಿದ್ದ ಎರಡು ಎಮ್ಮೆಗಳಲ್ಲಿ ಒಂದಿರಲಿಲ್ಲ. ಆಮೇಲೆ ಆಕೆ ಕದಲಿದ್ದಿಲ್ಲ. ದನಕ್ಕೂ ದೋಣಿ ಕಳಿಸಿದ್ದರೆ ಬರುತ್ತಿದ್ದಳೇನೋ.

ಈ ಸಲವೂ ಭಿಡೆ ಪುಲ್ ಮುಳುಗಿದ ಸಂಜೆ ಫೋನ್ ಮಾಡಿದೆ. ಕರೆಂಟು ಹೋಗುವ ಮೊದಲು ಮೊಬೈಲ್ ಚಾರ್ಜ್ ಮಾಡಿಕೋ, ಹೊಳೆದಂಡೆಯ ಪಂಪ್‌ಸೆಟ್ ಮೇಲಕ್ಕೆ ಎಳೆಸು ಎಂದೆ.

"ನಿನ್ನೇನೇ ಎಳಿಸೀವಿ. ನೀ ಬಿಟ್ಟ ನೀರು ಯಾವಾಗ ಬರ್ತೈತಿ ಹೇಳಪಾ," ಎಂದಳು ಅತ್ತೆ. "ದಡಕ್ಕೆ ಹೋಗಿ ಬಿಪಿ ಗುಳಿಗಿ ತರೂದೈತಿ."

ಉಜನಿ ಎಷ್ಟು ತುಂಬಿದೆ ನೋಡಿ ಹೇಳುತ್ತೇನೆ ಎಂದೆ.