ಮುಂದಾಳಿಗೂ ಬೇಕು ಒಂದು ಆದಿತ್ಯವಾರ

ಮುಂಬಯಿಯ ದುಡಿಯುವ ಜನರಿಗೆ ವಾರದ ರಜೆ ತಾನಾಗಿ ದೊರೆತುದಲ್ಲ. ಏಳು ದಿನವೂ ಗಿರಣಿಗಳಲ್ಲಿ ದುಡಿಯುತ್ತಿದ್ದ ಕಾರ್ಮಿಕರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 1890ರ ಜೂನ್ ತಿಂಗಳಿನಲ್ಲಿ ಗಿರಣಿ ಮಾಲಿಕರು ಆದಿತ್ಯವಾರದ ಬಿಡುವಿಗೆ ಒಪ್ಪಿಕೊಂಡರು. ಅಂದಿನಿಂದ ಈ ನಗರವು ಆ ದಿನಕ್ಕಾಗಿ ವಾರವಿಡೀ ಕಾಯುತ್ತ ಬಂದಿದೆ. ಆದರೆ ನಮ್ಮ ನಡುವಿನ ಒಂದು ವರ್ಗದವರಿಗೆ ಮಾತ್ರ ಆದಿತ್ಯವಾರವೇ ಅತ್ಯಂತ ದುಡಿಮೆಯ ದಿನ. ಅವರೇ ನಮ್ಮ ಧಾರ್ಮಿಕ ಹಾಗೂ ಸಾಮಾಜಿಕ ಕೂಟಗಳ ಮುಂದಾಳುಗಳು. ಅವರ ವಿಶ್ರಾಂತಿಯ ವಿಚಾರವನ್ನು ನಗರದ ಕ್ರೈಸ್ತ ಕಿರುಕೂಟಗಳ ಉದಾಹರಣೆಯಿಂದ ಇಲ್ಲಿ ಪರಿಶೀಲಿಸೋಣ.

ಕಿರುಕೂಟಗಳ ಪರಂಪರೆ

ಕೆಲವರು ಒಂದು ಮನೆಯಲ್ಲಿ ನೆರೆದು ಪ್ರಾರ್ಥಿಸುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1742ರಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳು ಸುಮಾರು ಹನ್ನೆರಡು ಮಂದಿಗೆ ಒಬ್ಬ ಮುಂದಾಳಿನಂತೆ ಗುಂಪುಗೂಡಿದರು. ವಾರಕ್ಕೊಂದು ಪೆನ್ನಿ ವಂತಿಗೆ ಕೂಡಿಸಿ ಪ್ರಾರ್ಥನಾಮಂದಿರದ ಸಾಲ ತೀರಿಸುವುದು ಮೊದಲಿನ ಉದ್ದೇಶವಾಗಿತ್ತು. ಹಣಕ್ಕಾಗಿ ಮನೆಮನೆಗೆ ಹೋದ ಮುಂದಾಳು ಅಲ್ಲಿನ ಕಷ್ಟಸುಖಗಳನ್ನು ಕಂಡುದರಿಂದ ಅದು ಆತ್ಮೀಯರ ಕೂಟವಾಗಿ ಮಾರ್ಪಟ್ಟಿತು. ಆ ಮೆಥೊಡಿಸ್ಟ್ ಪರಂಪರೆ ನಮ್ಮ ಬೀದರ ಪ್ರಾಂತದಲ್ಲಿ ಬೇರೂರಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಮನೆಪ್ರಾರ್ಥನೆಯ ರೂಢಿಯಿದೆ. ಕರಾವಳಿಯ ಕಥೋಲಿಕರಿಗೆ ವಾಳೆಯ ಗುರಿಕಾರನ ಪರಿಚಯ ಹಳೆಯದು. ಮುಂಬಯಿ ಮಹಾಧರ್ಮಪ್ರಾಂತದಲ್ಲಿ 1980ರ ದಶಕದಿಂದೀಚೆಗೆ ನೆರೆಹೊರೆಯ ಕುಟುಂಬಗಳನ್ನು ಕೂಡಿಸಿ ‘ಕಿರು ಕ್ರೈಸ್ತ ಸಮುದಾಯ’ಗಳನ್ನು ಕಟ್ಟಲಾಯಿತು, ಈ ಕಾರ್ಯದಲ್ಲಿ ಸಹಾಯಕ ಬಿಷಪ್ ಬಾಸ್ಕೊ ಪೆನ್ಹಾ ಅವರ ಹೆಸರು ಪ್ರಸಿದ್ಧವಾದುದು.

ಊರು ಬಿಟ್ಟು ಬಂದವನಿಗೆ ಇಂತಹ ಕೂಟವೇ ಎರಡನೆಯ ಊರು. ಮನೆಯಲ್ಲಿ ಸಾವು ಸಂಭವಿಸಿದಾಗ, ನೌಕರಿ ಹೋದಾಗ, ಆಸ್ಪತ್ರೆಯಲ್ಲಿ ರಕ್ತ ಬೇಕಾದಾಗ ಮೊದಲು ಧಾವಿಸಿ ಬರುವವರು ಕೂಟದವರೇ. ಆದರೆ ಅವರೆಲ್ಲರಿಗಿಂತ ಮೊದಲು ಬರುವವನು ಮುಂದಾಳು.

ಬಳಲಿಕೆಯ ಲಕ್ಷಣಗಳು

ಬೋರಿವಲಿಯಲ್ಲಿಯೋ ಡೊಂಬಿವಲಿಯಲ್ಲಿಯೋ ವಾಸಿಸುವ ಅಂತಹ ಒಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತೇ ಹೋಗಿ, ಆಫೀಸಿನ ಕೆಲಸ ಮುಗಿಸಿ, ರಾತ್ರಿ ಎಂಟಕ್ಕೆ ನಿಂತೇ ಮರಳುತ್ತಾರೆ. ಊಟಕ್ಕೆ ಕೂತಾಗ ದೂರವಾಣಿ ಕರೆಯುತ್ತದೆ. ಒಂದು ಮನೆಯಲ್ಲಿ ಗಂಡಹೆಂಡಿರ ಕಲಹ, ಇನ್ನೊಂದರಲ್ಲಿ ರೋಗಿಯ ಶುಶ್ರೂಷೆ. ಆದಿತ್ಯವಾರ ಬೆಳಿಗ್ಗೆ ಆರಾಧನೆ, ಮಧ್ಯಾಹ್ನ ಸಮಿತಿಯ ಸಭೆ, ಸಂಜೆ ಮನೆಪ್ರಾರ್ಥನೆ. ಅವರ ಗೃಹಿಣಿಯ ಶ್ರಮವನ್ನಂತೂ ಯಾರೂ ಎಣಿಸುವುದಿಲ್ಲ. ಬಂದವರಿಗೆಲ್ಲ ಚಹಾ ಕೊಡುವ ಕೈಗಳು ಆಕೆಯವೇ.

ಇಂತಹ ಬಳಲಿಕೆಯನ್ನು ವೈದ್ಯಲೋಕವು ಬಹುಕಾಲ ಗಮನಿಸಿರಲಿಲ್ಲ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು ಇದಕ್ಕೆ ‘ಬರ್ನ್‌ಔಟ್’ ಎಂಬ ಹೆಸರಿನಿಂದ ಲೇಖನ ಬರೆದರು. ಉಚಿತ ಚಿಕಿತ್ಸಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದವರನ್ನು, ತಮ್ಮನ್ನೂ ಸೇರಿಸಿ, ನೋಡಿಯೇ ಅವರು ಬರೆದುದು ಎಂಬುದು ಗಮನಾರ್ಹ. ಅತ್ಯಂತ ಶ್ರದ್ಧೆಯುಳ್ಳವರೇ ಮೊದಲು ಬತ್ತಿಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದು ಕರೆಯದೆ ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿಗುಂದುವಿಕೆ, ಕೆಲಸದ ಬಗ್ಗೆ ವಿರಕ್ತಿ ಅಥವಾ ಕಹಿಭಾವನೆ, ಕಾರ್ಯಸಾಮರ್ಥ್ಯದ ಕುಗ್ಗುವಿಕೆ. ಸೇವೆಯಲ್ಲಿಯೂ ಇವೇ ಕಾಣಿಸಿಕೊಳ್ಳುತ್ತವೆ. ಪ್ರಾರ್ಥನೆ ಬಾಯಿಪಾಠವಾಗುತ್ತದೆ, ಸಹಾಯ ಕೇಳಿ ಬಂದವನ ಮೇಲೆ ಸಿಡುಕು ಹುಟ್ಟುತ್ತದೆ.

ಇದರೊಡನೆ ನಿದ್ರಾಭಾವವೂ ಸೇರುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಯ ನಿದ್ರೆ ಅವಶ್ಯಕ. ದೀರ್ಘಕಾಲ ಅದಕ್ಕಿಂತ ಕಡಿಮೆ ನಿದ್ರಿಸುವವರಲ್ಲಿ ರಕ್ತದೊತ್ತಡ ಮತ್ತು ಮಧುಮೇಹಗಳ ಸಂಭವ ಹೆಚ್ಚು. ಎದೆನೋವು, ಉಸಿರುಕಟ್ಟುವಿಕೆ, ವಾರಗಟ್ಟಲೆ ಬಿಡದ ಖಿನ್ನತೆ ಕಂಡುಬಂದರೆ ಅದನ್ನು ಬರಿಯ ದಣಿವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು.

ಹಳೆಯ ಗ್ರಂಥದ ಹಿತನುಡಿ

ಕ್ರೈಸ್ತರ ಪವಿತ್ರ ಗ್ರಂಥವು ಈ ವಿಷಯದಲ್ಲಿ ವೈದ್ಯನಂತೆಯೇ ಮಾತನಾಡುತ್ತದೆ. ಬದುಕು ಸಾಕೆಂದು ಅಡವಿಯ ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಪುನಃ ಎಬ್ಬಿಸಿ ಉಣಿಸಿದನು. ಊಟಕ್ಕೂ ಬಿಡುವಿಲ್ಲದಿದ್ದ ಶಿಷ್ಯರನ್ನು ಯೇಸುವು ಏಕಾಂತಸ್ಥಳಕ್ಕೆ ಕರೆದ ಪ್ರಸಂಗವನ್ನು ಮಾರ್ಕನು ಬರೆದಿದ್ದಾನೆ. ಎಲ್ಲಕ್ಕಿಂತ ಉಪಯುಕ್ತವಾದುದು ಮೋಶೆಯ ಕಥೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ ಅಳಿಯನನ್ನು ಕಂಡು ಮಾವನಾದ ಇತ್ರೋನನು, ಹೀಗೆ ಮಾಡಿದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸಲು ಹೇಳಿದನು. ಹತ್ತು ಜನರಿಗೆ ಹುಲ್ಲುಕಡ್ಡಿಯಾದುದು ಒಬ್ಬನಿಗೆ ತಲೆಹೊರೆ ಎಂಬ ನಮ್ಮ ಗಾದೆಯ ತಿರುಳೂ ಇದೇ ಅಲ್ಲವೇ? ಮೋಶೆ ತಾನಾಗಿ ವಿಶ್ರಾಂತಿ ಬೇಡಲಿಲ್ಲ, ನೋಡಿದವನೊಬ್ಬ ಹೇಳಬೇಕಾಯಿತು ಎಂಬುದನ್ನು ಇಲ್ಲಿ ಲಕ್ಷಿಸಬೇಕು.

ಕೂಟವು ಮಾಡಬೇಕಾದುದು

ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿಯ ಸೆಕೆಯಲ್ಲಿ ಸೊರಗಿದ ಬಾಸೆಲ್ ಮಿಷನ್ನಿನವರಿಗೆ ನೀಲಗಿರಿಯ ಕೇತಿಯಲ್ಲಿ ತಂಪಾದ ವಿಶ್ರಾಂತಿಧಾಮವಿತ್ತು. ಮುಂಬಯಿಯ ಗುಮಾಸ್ತನಿಗೆ ಗುಡ್ಡದ ಬಂಗಲೆ ಎಲ್ಲಿಯದು? ಅವನ ಕೇತಿಯನ್ನು ಕೂಟದವರೇ ನಿರ್ಮಿಸಿಕೊಡಬೇಕು. ಅದಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ.

ಮೊದಲನೆಯದಾಗಿ, ಒಬ್ಬರ ಬದಲು ಇಬ್ಬರು ಮುಂದಾಳುಗಳಿರಲಿ; ಅವಧಿಯೂ ನಿಶ್ಚಿತವಾಗಿರಲಿ. ಎರಡನೆಯದಾಗಿ, ರೋಗಿಗಳ ಭೇಟಿ, ಲೆಕ್ಕಪತ್ರ, ಮಕ್ಕಳ ಪಾಠ ಇವು ಬೇರೆ ಬೇರೆಯವರ ಪಾಲಿಗೆ ಬರಲಿ. ಮೂರನೆಯದಾಗಿ, ಕೂಟವು ಸರದಿಯಂತೆ ಮನೆ ಬದಲಿಸಲಿ, ಉಪಾಹಾರ ಸರಳವಾಗಿರಲಿ. ನಾಲ್ಕನೆಯದಾಗಿ, ತಿಂಗಳಿಗೊಂದು ಆದಿತ್ಯವಾರ ಆರಾಧನೆಯ ಹೊರತು ಬೇರೆ ಕೆಲಸವನ್ನು ಮುಂದಾಳಿಗೆ ಹಚ್ಚಬಾರದು. ಬಹುಮಂದಿ ಊರಿಗೆ ತೆರಳುವ ಮೇ ತಿಂಗಳಿನಲ್ಲಿ ಕೂಟವೇ ವಿರಮಿಸಲಿ. ಐದನೆಯದಾಗಿ, ವರ್ಷಕ್ಕೊಮ್ಮೆಯಾದರೂ ಎಲ್ಲರೂ ಒಂದು ದಿನ ಧ್ಯಾನಕೂಟಕ್ಕೆ ಹೋಗಿಬರಲಿ. ಅಲ್ಲಿ ಉಪನ್ಯಾಸಗಳು ಕಡಿಮೆ, ಮೌನ ಹೆಚ್ಚು ಇರಲಿ.

ಮೌನವನ್ನು ಮನೆಯಲ್ಲಿಯೂ ಅಭ್ಯಸಿಸಬಹುದು. ಮುಂಬಯಿಯಲ್ಲಿ 1931ರಲ್ಲಿ ಜನಿಸಿ ಲೋಣಾವಳೆಯಲ್ಲಿ ‘ಸಾಧನ’ ಕೇಂದ್ರವನ್ನು ನಡೆಸಿದ ಯೇಸುಸಭೆಯ ಗುರು ಆಂತೊನಿ ಡಿ ಮೆಲ್ಲೊ ಅವರು, ನೆಟ್ಟಗೆ ಕುಳಿತು ದೇಹದ ಸಂವೇದನೆಗಳನ್ನೂ ಉಸಿರಿನ ಹೋಗುಬರುವಿಕೆಯನ್ನೂ ಗಮನಿಸುವುದರಿಂದಲೇ ಪ್ರಾರ್ಥನೆಯನ್ನು ಆರಂಭಿಸಲು ಕಲಿಸುತ್ತಿದ್ದರು. ಇದಕ್ಕೆ ಹತ್ತು ನಿಮಿಷ ಸಾಕು. ಕೋಣೆ ಕಿರಿದಾದರೂ ಬಾಧೆಯಿಲ್ಲ.

ಈ ಮಾತು ಕ್ರೈಸ್ತ ಬಂಧುಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಭಜನಾ ಮಂಡಳಿಯ ಸಂಚಾಲಕರೂ ಕನ್ನಡ ಸಂಘಗಳ ಕಾರ್ಯದರ್ಶಿಗಳೂ ಇದೇ ದೋಣಿಯಲ್ಲಿದ್ದಾರೆ. ಮುಂದಾಳು ಹಾಸಿಗೆ ಹಿಡಿದ ಮೇಲೆ ಸುತ್ತ ನೆರೆದು ಪ್ರಾರ್ಥಿಸುವುದು ಒಳ್ಳೆಯದೇ. ಅದಕ್ಕೆ ಮೊದಲೇ ಅವರ ಬಾಗಿಲು ತಟ್ಟಿ, “ಈ ವಾರ ನೀವು ಬರುವುದು ಬೇಡ, ನಾವು ನೋಡಿಕೊಳ್ಳುತ್ತೇವೆ” ಎನ್ನುವುದು ಇನ್ನೂ ಒಳ್ಳೆಯದು. ವಾಚಕರು ತಮ್ಮ ತಮ್ಮ ಕೂಟಗಳಲ್ಲಿ ಇದನ್ನು ಬರುವ ಆದಿತ್ಯವಾರವೇ ಆರಂಭಿಸಲಿ.