ವಿಜಯಪುರದ ನೆರವಿಗೆ ಯಾರೂ ಬರಲಿಲ್ಲವೇ?

ಪ್ರಶ್ನೆ: ಔರಂಗಜೇಬ ಮುತ್ತಿಗೆ ಹಾಕಿದಾಗ ವಿಜಯಪುರಕ್ಕೆ ನೆರೆರಾಜ್ಯಗಳು ನೆರವಾಗಲಿಲ್ಲವೇ?
– ಓದುಗರೊಬ್ಬರು, ಹೊನವಾಡ

ಉತ್ತರ: ನೆರವಾದವು. 1685ರ ಏಪ್ರಿಲ್‌ನಲ್ಲಿ ಮೊಗಲ್ ಸೇನೆ ಕೋಟೆಯನ್ನು ಸುತ್ತುವರಿದಾಗ ಗೋಲ್ಕೊಂಡದ ಅಬುಲ್ ಹಸನ್ ಕುತುಬ್ ಷಾ, ಮರಾಠರ ಸಂಭಾಜಿ ಇಬ್ಬರೂ ವಿಜಯಪುರದ ಆದಿಲ್‌ಶಾಹಿಯ ಬೆನ್ನಿಗೆ ನಿಂತರು. ಹಳೆಯ ವೈರ ಏನೇ ಇರಲಿ, ವಿಜಯಪುರ ಬಿದ್ದರೆ ಮುಂದಿನ ಸರದಿ ತಮ್ಮದೆಂದು ಅವರಿಗೆ ಗೊತ್ತಿತ್ತು. ಸರಬರಾಜು ಕಡಿದು ಮೊಗಲ್ ಶಿಬಿರದಲ್ಲೇ ಧಾನ್ಯಕ್ಕೆ ಹಾಹಾಕಾರ ಎದ್ದಿತು. ಔರಂಗಜೇಬ ದೊಡ್ಡ ದಂಡಿನ ಕಾವಲಿನಲ್ಲಿ ದವಸ ಕಳಿಸಿ ಸೇನೆಯನ್ನು ಉಳಿಸಿಕೊಂಡ. ಕುತುಬ್ ಷಾನ ನೆರವಿನ ಪತ್ರ ಕೈಗೆ ಸಿಕ್ಕಿದ್ದೇ ತಡ, ಮಗ ಷಾ ಆಲಂನನ್ನು ಗೋಲ್ಕೊಂಡದ ಮೇಲೆ ಅಟ್ಟಿದ. ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಇದೇ. ಮಲಿಕ್-ಎ-ಮೈದಾನ್‌ನಂಥ ತೋಪಿದ್ದ ಕೋಟೆಯೊಳಗೆ ಕೊನೆಗೆ ಅನ್ನಕ್ಕೇ ಬರ ಬಂತು. 1686ರ ಸೆಪ್ಟೆಂಬರ್ 12ರಂದು ಎಳೆಯ ಸುಲ್ತಾನ ಸಿಕಂದರ್ ಶರಣಾದ; ಅವನ ಸಮಾಧಿಗೆ ಗುಮ್ಮಟವೂ ಇಲ್ಲ. ಗೋಲ್ಕೊಂಡ 1687ರಲ್ಲಿ ಬಿತ್ತು, ಸಂಭಾಜಿಯ ಹತ್ಯೆ 1689ರಲ್ಲಾಯಿತು.

ಆಗ ದಾಳಿಗೊಳಗಾದವರು ನ್ಯಾಯ ಕೇಳಲು ವೇದಿಕೆಯೇ ಇರಲಿಲ್ಲ. ಈಗ ವಿಶ್ವಸಂಸ್ಥೆಯಿದೆ. ದಾಳಿಗೊಳಗಾದ ಉಕ್ರೇನಿನಲ್ಲಿ ನ್ಯಾಯಯುತ, ಶಾಶ್ವತ ಶಾಂತಿ ನೆಲೆಸಬೇಕೆಂಬ ನಿರ್ಣಯವನ್ನು 2023ರ ಫೆಬ್ರವರಿಯಲ್ಲಿ ಮಹಾಸಭೆಯ 141 ದೇಶಗಳು ಬೆಂಬಲಿಸಿದವು. ಭಾರತ ಮತದಾನದಿಂದ ದೂರ ಉಳಿಯಿತು.