ಲೈಸೆನ್ಸ್ ಫಾರಂ ಕಣ್ಣು ನೋಡುತ್ತೆ, ಎದೆ ನೋಡಲ್ಲ

2024ರ ನವೆಂಬರ್ 6. ನೆಲಮಂಗಲದಿಂದ ದಾಸನಪುರದ ಕಡೆ ಹೊರಟಿದ್ದ ಬಿಎಂಟಿಸಿ ಬಸ್ಸಿನ ಚಾಲಕ ಹೃದಯಾಘಾತದಿಂದ ಸೀಟಿನಲ್ಲೇ ಕುಸಿದರು. ವಯಸ್ಸು 40. ಕಂಡಕ್ಟರ್ ಹಾರಿಬಂದು ಸ್ಟೀರಿಂಗ್ ಹಿಡಿದು ಬಸ್ ನಿಲ್ಲಿಸಿದರು. ಪ್ರಯಾಣಿಕರು ಉಳಿದರು, ಚಾಲಕ ಉಳಿಯಲಿಲ್ಲ. ಆ ಸಿಸಿಟಿವಿ ದೃಶ್ಯ ನೀವೂ ನೋಡಿರ್ತೀರಿ.

ಆ ಬಸ್ಸಲ್ಲಿ ಕಂಡಕ್ಟರ್ ಇದ್ದರು. ಕನಕಪುರದ ಕಲ್ಲು ಕ್ವಾರಿಯ ಟಿಪ್ಪರಿನಲ್ಲಿ, ಮಾಗಡಿಯಿಂದ ಬೆಳಗಿನ ಜಾವ ತರಕಾರಿ ಹೊತ್ತು ಬರೋ ಟೆಂಪೊದಲ್ಲಿ ಯಾರಿದ್ದಾರೆ? ರಾಮನಗರ, ಚನ್ನಪಟ್ಟಣದ ಪಕ್ಕದ ಎಕ್ಸ್‌ಪ್ರೆಸ್‌ವೇಯಲ್ಲಿ ವೇಗಮಿತಿ ಗಂಟೆಗೆ 100 ಕಿ.ಮೀ. ಎಂಜಿನಿಯರಿಂಗ್ ಓದಿದ ಚಟ, ಲೆಕ್ಕ ಹಾಕದೆ ಇರಕ್ಕಾಗಲ್ಲ: ಸೆಕೆಂಡಿಗೆ ಸುಮಾರು 28 ಮೀಟರ್. ಹೃದಯ ನಿಂತರೆ ಹತ್ತಾರು ಸೆಕೆಂಡಿನಲ್ಲೇ ಎಚ್ಚರ ತಪ್ಪುತ್ತೆ. ಆಮೇಲಿನ ಐದೇ ಸೆಕೆಂಡಿಗೆ ಗಾಡಿ 140 ಮೀಟರ್ ತಾನಾಗೇ ಓಡಿರುತ್ತೆ.

ಹಾಗಾದ್ರೆ ಲೈಸೆನ್ಸ್ ಕೊಡುವಾಗ ಏನು ಪರೀಕ್ಷೆ ಮಾಡ್ತಾರೆ? ವೈದ್ಯರು ಸಹಿ ಹಾಕುವ ಫಾರಂ 1ಎ ದೃಷ್ಟಿ, ಬಣ್ಣಗುರುಡು, ಕಿವಿ, ಕೈಕಾಲು ಕೇಳುತ್ತೆ. ಇಸಿಜಿ ಕೇಳಲ್ಲ. ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತಾ, ತಲೆ ಸುತ್ತುತ್ತಾ ಅನ್ನೋದನ್ನ ಅರ್ಜಿದಾರನೇ ಫಾರಂ 1ರಲ್ಲಿ ಬರೆದುಕೊಡಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ಟೀ ಕುಡೀತಾ ಟೆಂಪೊ ಚಾಲಕರೊಬ್ಬರನ್ನ ಕೇಳಿದೆ. ‘ಹೌದು ಅಂತ ಬರ್ದ್ರೆ ಲೈಸೆನ್ಸ್ ಕೊಡ್ತಾರಾ ಸಾ? ಗಾಡಿ ಕಂತು ಯಾರ್ ಕಟ್ತಾರೆ?’ ಅಂದ್ರು. ಬಿಪಿ ಮಾತ್ರೆ ಜೇಬಲ್ಲೇ ಇತ್ತು. ನಿದ್ದೆ ಬರುತ್ತೆ ಅಂತ ರಾತ್ರಿ ಟ್ರಿಪ್ ಇದ್ದಾಗ ನುಂಗಲ್ವಂತೆ.

ಇದನ್ನ ಸುಳ್ಳುಗಾರಿಕೆ ಅಂತ ನಾನು ಕರೆಯಲಾರೆ. ನಿಜ ಹೇಳಿದವನ ಅನ್ನ ಕಿತ್ತುಕೊಳ್ಳೋ ಫಾರಂ ಅದು.

2025ರಲ್ಲಿ ಹಾಸನದ ಹಠಾತ್ ಸಾವುಗಳ ತನಿಖಾ ವರದಿ ಬಂದಾಗ, ಸತ್ತವರಲ್ಲಿ ಶೇ 30ರಷ್ಟು ಆಟೊ, ಕ್ಯಾಬ್ ಚಾಲಕರು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದರು. ದಿನವಿಡೀ ಕೂತಿರೋದು, ಹೊಗೆ, ಬೀಡಿ, ಕೆಟ್ಟ ನಿದ್ದೆ, ಹೊತ್ತಲ್ಲದ ಊಟ. ರಕ್ತನಾಳ ಹಾಳಾಗೋಕೆ ಇನ್ನೇನು ಬೇಕು? ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಅಂದಿತ್ತು. ಸ್ವಂತ ಗಾಡಿ ಓಡಿಸೋನಿಗೆ ಅದನ್ನ ಹೇಳೋರ್ಯಾರು?

ಕೆಎಸ್‌ಆರ್‌ಟಿಸಿ ನೌಕರರಿಗೆ 2025ರ ಜನವರಿಯಿಂದ ನಗದುರಹಿತ ಚಿಕಿತ್ಸೆಯ ‘ಆರೋಗ್ಯ’ ಯೋಜನೆ ಇದೆ. ಖಾಸಗಿ ಚಾಲಕರಿಗೂ 2024ರ ಕಾಯ್ದೆಯಡಿ ಒಂದು ಕಲ್ಯಾಣ ಮಂಡಳಿ ಇದೆ, ಅಪಘಾತದಲ್ಲಿ ಸತ್ತರೆ 5 ಲಕ್ಷ ಪರಿಹಾರ. ಸಾಯೋ ಮೊದಲೇ ಆ ದುಡ್ಡು ಬಳಸಬಹುದಲ್ವಾ? ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣಕ್ಕೆ ಬಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಇಸಿಜಿ, ಬಿಪಿ, ಶುಗರ್ ಪರೀಕ್ಷೆ. ತೊಂದರೆ ಕಂಡರೆ ವಾಸಿಯಾಗೋ ತನಕ ಮಂಡಳಿಯಿಂದ ದಿನದ ಕೂಲಿ. ಕೂಲಿ ಬಿಟ್ಟು ಬರೀ ಇಸಿಜಿ ಕಡ್ಡಾಯ ಮಾಡಿದ್ರೆ, ದುಡ್ಡು ಕೊಟ್ಟು ಸರ್ಟಿಫಿಕೇಟ್ ತರೋ ಇನ್ನೊಂದು ದಾರಿ ಹುಟ್ಟುತ್ತೆ, ಅಷ್ಟೇ.